ಎಂಟಕ್ಕೂ ಒಂಬತ್ತಕ್ಕೂ ಮಧ್ಯೆ: ಒಂದು ಬೇಸ್‌ಬಾಲ್ ಕಾರ್ಡು ಮಾರಿದ ನನ್ನ ಅನುಭವ

2021ರ ಮಾರ್ಚ್‌ನಲ್ಲಿ ನನ್ನ ಹತ್ತಿರ ಇದ್ದ ಒಂದು ಹಳೇ ಬೇಸ್‌ಬಾಲ್ ಕಾರ್ಡನ್ನು, ಅಂದರೆ ಆಟಗಾರರ ಚಿತ್ರ ಛಾಪಿಸಿದ ಸಣ್ಣ ರಟ್ಟನ್ನು, ಹರಾಜಿಗೆ ಹಾಕಿದೆ. 5,760 ಡಾಲರಿಗೆ ಹೋಯಿತು. 1971ರಲ್ಲಿ ಟಾಪ್ಸ್ ಕಂಪನಿ ಛಾಪಿಸಿದ ರಾಬರ್ಟೊ ಕ್ಲೆಮೆಂಟೆ ಕಾರ್ಡು ಅದು, ನಂಬರ್ 630, ಗ್ರೇಡು 9. ಕಾರ್ಡು ಎಷ್ಟು ಚೆನ್ನಾಗಿ ಉಳಿದಿದೆ ಅಂತ ನೋಡಿ ಗ್ರೇಡಿಂಗ್ ಕಂಪನಿಯವರು 10ಕ್ಕೆ ಹಾಕುವ ಅಂಕವೇ ಗ್ರೇಡು. ಅದೇ ಹರಾಜಿನಲ್ಲಿ ಅದೇ ಕಾರ್ಡು 8ರ ಗ್ರೇಡಿನಲ್ಲಿ ಬೇರೆಯವರದೂ ಒಂದಿತ್ತು. ಅದಕ್ಕೆ ಸಿಕ್ಕಿದ್ದು ನನ್ನ ಕಾರ್ಡಿನ ಐದರಲ್ಲಿ ಒಂದು ಪಾಲಿಗಿಂತ ಕಡಿಮೆ. ಎರಡನ್ನೂ ಪಕ್ಕಪಕ್ಕ ಇಟ್ಟರೆ ಭೂತಗನ್ನಡಿ ಇಲ್ಲದೆ ಯಾವುದು ಯಾವುದು ಅಂತ ನನಗೂ ಗೊತ್ತಾಗುತ್ತಿರಲಿಲ್ಲ.

ಇಲ್ಲಿ ಅಮೆರಿಕದ ಪಿಟ್ಸ್‌ಬರ್ಗ್‌ನ ವೆಂಕಟೇಶ್ವರ ದೇವಸ್ಥಾನದ ಕ್ಯಾಂಟೀನಿನಲ್ಲಿ ಪುಳಿಯೋಗರೆ ತಿನ್ನುತ್ತಾ ಈ ವಿಷಯ ಹೇಳಿದಾಗ, ನಮ್ಮ ಕನ್ನಡದವರೊಬ್ಬರು "ರಟ್ಟಿನ ತುಂಡಿಗೆ ಅಷ್ಟು ದುಡ್ಡು ಯಾಕೆ ಮಾರಾಯ್ರೇ?" ಅಂತ ಕೇಳಿದರು. ಐದು ನಿಮಿಷದಲ್ಲಿ ಹೇಳುವ ಮಾತಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಾನು ದಾವಣಗೆರೆಯವನು. 2009ರಲ್ಲಿ ಓದಲಿಕ್ಕೆ ಪಿಟ್ಸ್‌ಬರ್ಗ್‌ಗೆ ಬಂದೆ, ಇಲ್ಲೇ ಕೆಲಸ ಸಿಕ್ಕಿತು, ಇಲ್ಲೇ ಉಳಿದೆ. ಬೇಸ್‌ಬಾಲ್ ನನಗೆ ಗೊತ್ತೇ ಇರಲಿಲ್ಲ. ಕಲಿಸಿದ್ದು ನಮ್ಮ ಮನೆ ಮಾಲೀಕರು. ನಿವೃತ್ತ ಬಸ್ ಡ್ರೈವರ್, ಚಿಕ್ಕ ಹುಡುಗನಾಗಿದ್ದಾಗ ಕ್ಲೆಮೆಂಟೆ ಆಡಿದ್ದನ್ನು ಕಣ್ಣಾರೆ ನೋಡಿದವರು. ನಾನೂ ನನ್ನ ಹೆಂಡತಿಯೂ ಮನೆಯಲ್ಲಿ ಅವರನ್ನು ಅಜ್ಜ ಅಂತಲೇ ಕರೆಯುತ್ತಿದ್ದೆವು. ಬೇಸಿಗೆಯ ಸಂಜೆ ಜಗಲಿಯಲ್ಲಿ ರೇಡಿಯೊ ಹಚ್ಚಿಕೊಂಡು ಕೂತರೆ ಅವರ ಬಾಯಲ್ಲಿ ಬರುತ್ತಿದ್ದದ್ದು ಒಂದೇ ಹೆಸರು. ಪೋರ್ಟೊ ರಿಕೊದಿಂದ ಬಂದ ಕರಿಯ ಹುಡುಗ, ಇಂಗ್ಲಿಷ್ ಸರಿಯಾಗಿ ಬಾರದೆ ಪತ್ರಿಕೆಯವರ ಹತ್ತಿರ ಅಪಹಾಸ್ಯಕ್ಕೆ ಒಳಗಾದವನು, 1971ರ ವರ್ಲ್ಡ್ ಸೀರೀಸ್‌ನಲ್ಲಿ ಅತ್ಯುತ್ತಮ ಆಟಗಾರ, ಸರಿಯಾಗಿ 3,000 ಹಿಟ್ ಹೊಡೆದು 1972ರ ಡಿಸೆಂಬರ್ 31ರ ರಾತ್ರಿ ನಿಕರಾಗುವಾದ ಭೂಕಂಪ ಸಂತ್ರಸ್ತರಿಗೆ ಸಾಮಾನು ಸಾಗಿಸುತ್ತಿದ್ದ ವಿಮಾನ ಸಮುದ್ರಕ್ಕೆ ಬಿದ್ದು ತೀರಿಹೋದವನು. ಪಿಟ್ಸ್‌ಬರ್ಗ್‌ನ ಈಗಿನ ಸ್ಟೇಡಿಯಮ್ಮಿನಲ್ಲಿ ಬಲಗಡೆಯ ಗೋಡೆಯನ್ನು 21 ಅಡಿ ಎತ್ತರ ಕಟ್ಟಿದ್ದಾರೆ. ಯಾಕೆಂದರೆ ಕ್ಲೆಮೆಂಟೆ ಅಂಗಿಯ ನಂಬರ್ 21, ಅವರು ಆಡುತ್ತಿದ್ದದ್ದು ಬಲಗಡೆ. ಆ ಗೋಡೆ ಮೊದಲ ಸಲ ತೋರಿಸಿ ಅಜ್ಜ ಇದನ್ನು ಹೇಳಿದಾಗ ನನಗೆ ಗಂಟಲು ಕಟ್ಟಿತ್ತು.

ಕಾರ್ಡು ಕೂಡಿಸುವುದು ಶುರುವಾದದ್ದು ಹಾಗೆ. ಟಾಪ್ಸ್ ಕಂಪನಿ 1955ರಿಂದ 1973ರವರೆಗೆ ಪ್ರತಿ ವರ್ಷ ಕ್ಲೆಮೆಂಟೆಯ ಒಂದು ಮುಖ್ಯ ಕಾರ್ಡು ತಂದಿದೆ. ಒಟ್ಟು 19. ಐವತ್ತರ ದಶಕದ ಕೊನೆಯಿಂದ ಅರವತ್ತರ ದಶಕದ ಉದ್ದಕ್ಕೂ ಅವುಗಳ ಮೇಲೆ 'ಬಾಬ್ ಕ್ಲೆಮೆಂಟೆ' ಅಂತ ಛಾಪಿಸಿದ್ದಾರೆ. ಅವರಿಗೆ ಆ ಹೆಸರು ಇಷ್ಟವೇ ಇರಲಿಲ್ಲ. ಆ ಕಾರ್ಡುಗಳನ್ನು ಕೈಗೆ ತಗೊಂಡಾಗೆಲ್ಲ ನನಗೆ ಇಂದಿಗೂ ಬೇಜಾರಾಗುತ್ತದೆ.

2016ರಲ್ಲಿ ಅಜ್ಜ ಮನೆ ಮಾರಿ ಫ್ಲಾರಿಡಾದಲ್ಲಿ ಮಗಳ ಮನೆಗೆ ಹೊರಟರು. ಒಂದು ಬೂಟಿನ ಡಬ್ಬಿ ಕಾರ್ಡು ಇತ್ತು, ಆರು ನೂರರ ಹತ್ತಿರ. ನಾನು ಎರಡು ವಾರ ಕೂತು ಒಂದೊಂದರ ಬೆಲೆ ನೋಡಿ, ಬರೆದು, ಅವರಿಗೇ ತೋರಿಸಿ, 1,400 ಡಾಲರು ಕೊಟ್ಟು ತಗೊಂಡೆ. ಮುಂದೆ ಯಾವುದಾದರೂ ಜಾಸ್ತಿಗೆ ಹೋದರೆ ಅರ್ಧ ನಿಮ್ಮದು ಅಂದೆ. ಅವರು ತಲೆ ಆಡಿಸಿದರು, ಅಷ್ಟೆ. ಡಬ್ಬಿಯಲ್ಲಿದ್ದ ಕಾರ್ಡುಗಳೆಲ್ಲ ಹುಡುಗರು ಆಡಿದ ಕಾರ್ಡುಗಳು. ಮೂಲೆ ದುಂಡಾಗಿವೆ, ರಬ್ಬರ್ ಬ್ಯಾಂಡಿನ ಗುರುತಿದೆ, ಕೆಲವಕ್ಕೆ ಗುಂಡುಪಿನ್ ತೂತೂ ಇದೆ. ಆದರೆ 1971ರ ಕ್ಲೆಮೆಂಟೆ ಡಬ್ಬಿಯಲ್ಲಿರಲಿಲ್ಲ. ಅಜ್ಜನ ಅಮ್ಮ ಅದನ್ನು ಒಂದು ದಪ್ಪ ಅಡುಗೆ ಪುಸ್ತಕದೊಳಗೆ ಇಟ್ಟಿದ್ದರಂತೆ, ಕ್ಲೆಮೆಂಟೆ ತೀರಿಹೋದ ಮಾರನೇ ದಿನ. ನಲವತ್ತಮೂರು ವರ್ಷ ಅದು ಅಲ್ಲೇ ಇತ್ತು.

1971ರ ಟಾಪ್ಸ್ ಕಾರ್ಡುಗಳ ಅಂಚು ಪೂರ್ತಿ ಕಪ್ಪು. ನೋಡಲಿಕ್ಕೆ ಚೆಂದ, ಕಾಪಾಡುವುದು ಬಹಳ ಕಷ್ಟ. ರಟ್ಟು ಬಿಳಿ, ಮೇಲಿನ ಕಪ್ಪು ಬರೀ ಶಾಯಿ. ಬೆರಳು ತಾಗಿದರೆ ಸಾಕು, ಅಂಚಿನಲ್ಲಿ ಶಾಯಿ ಉದುರಿ ಬಿಳಿ ಕಾಣುತ್ತದೆ. ಪ್ಯಾಕೆಟ್ಟಿನಿಂದ ಹೊರಬರುವಾಗಲೇ ಎಷ್ಟೋ ಕಾರ್ಡುಗಳಿಗೆ ಬಿಳಿ ಚುಕ್ಕೆ ಬಿದ್ದಿರುತ್ತಿತ್ತು. ಹಾಗಾಗಿ ಆ ವರ್ಷದ ಕಾರ್ಡುಗಳಲ್ಲಿ 9ರ ಗ್ರೇಡು ಸಿಗುವುದೇ ಅಪರೂಪ. ನಾನು ಊಟದ ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ, ಲ್ಯಾಂಪನ್ನು ಅಡ್ಡಡ್ಡಕ್ಕೆ ಬಗ್ಗಿಸಿ, ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿಯಲ್ಲಿ ನಾಲ್ಕೂ ಮೂಲೆ ನೋಡಿದೆ. ಮೂರು ಮೂಲೆ ಕಾಡಿಗೆ ಹಚ್ಚಿದ ಹಾಗೆ. ನಾಲ್ಕನೆಯದರಲ್ಲಿ, ಕೆಳಗೆ ಎಡಕ್ಕೆ, ಸಾಸಿವೆ ಕಾಳಿನ ಕಾಲು ಭಾಗದಷ್ಟು ಬಿಳಿ. ಅಡ್ಡ ಬೆಳಕಿನಲ್ಲಿ ಮಡಿಕೆ ಇದ್ದರೆ ಗೆರೆಯಾಗಿ ಎದ್ದು ಕಾಣುತ್ತದೆ, ಅದು ಇರಲಿಲ್ಲ. ಆಮೇಲೆ ಸ್ಕೇಲು ಹಿಡಿದು ಅಂಚಿನ ಅಗಲ ಅಳೆದೆ. ಚಿತ್ರ ಮಧ್ಯಕ್ಕೆ ಕೂತಿದೆಯಾ ಅಂತ ನೋಡುವುದು, ಸೆಂಟರಿಂಗ್ ಅನ್ನುತ್ತಾರೆ. ಒಂದು ಕಡೆ 65, ಇನ್ನೊಂದು ಕಡೆ 35, ಹೆಚ್ಚುಕಡಿಮೆ ಇದಕ್ಕಿಂತ ಜಾಸ್ತಿ ವಾಲಿದರೆ ಗ್ರೇಡು ಹಾಕುವ ಪಿಎಸ್‌ಎ ಕಂಪನಿ ಆಗ 9 ಕೊಡುತ್ತಿರಲಿಲ್ಲ. ನನ್ನದು 55ರ ಆಸುಪಾಸು ಇತ್ತು.

ಅದನ್ನು ಗ್ರೇಡಿಂಗಿಗೆ ಕಳಿಸುವ ಧೈರ್ಯ ಮಾಡಲಿಕ್ಕೆ ಎರಡು ವರ್ಷ ಬೇಕಾಯಿತು. ಯಾಕೆಂದರೆ ಮಧ್ಯೆ ನಾನು ಒಂದು ಪೆಟ್ಟು ತಿಂದೆ.

2017ರಲ್ಲಿ ಒಂದು ಕಾರ್ಡ್ ಶೋನಲ್ಲಿ 1957ರ ಕ್ಲೆಮೆಂಟೆ ತಗೊಂಡೆ, ಗ್ರೇಡ್ ಆಗದ್ದು, 350 ಡಾಲರು. ಚೂಪಾದ ಮೂಲೆಗಳು, ನೋಡಿ ಮರುಳಾದೆ. ಗ್ರೇಡಿಂಗಿಗೆ ಕಳಿಸಿದೆ. ನಂಬರ್ ಹಾಕದೆ ವಾಪಸ್ ಬಂತು, ಅಂಚು ಕತ್ತರಿಸಲಾಗಿದೆ ಅಂತ ಒಂದು ಸಾಲಿನ ಚೀಟಿ ಜೊತೆ. ಯಾರೋ ಸವೆದ ಅಂಚನ್ನು ಬ್ಲೇಡಿನಿಂದ ಹೆರೆದು ಹೊಸದು ಮಾಡಿದ್ದರು. ಮಾರಿದವನನ್ನು ಕೇಳಿದರೆ ನಾನು ತಗೊಂಡಾಗಲೇ ಹಾಗಿತ್ತು ಅಂದುಬಿಟ್ಟ. ಆ ದುಡ್ಡು ಹೋಯಿತು.

ಅವತ್ತಿನಿಂದ ನಾನು ಮಾಡುವುದು ಇಷ್ಟು. ಅದೇ ವರ್ಷದ, ಬೆಲೆ ಇಲ್ಲದ ಹತ್ತು ಕಾಮನ್ ಕಾರ್ಡು ಜೇಬಿನಲ್ಲಿ ಇಟ್ಟುಕೊಂಡು ಹೋಗುತ್ತೇನೆ. ಕೊಳ್ಳಬೇಕೆಂದಿರುವ ಕಾರ್ಡನ್ನು ಅವುಗಳ ಮಧ್ಯೆ ಸೇರಿಸಿ, ಕಟ್ಟನ್ನು ಮೇಜಿನ ಮೇಲೆ ಮೆಲ್ಲಗೆ ತಟ್ಟಿ ಸಮ ಮಾಡಿ, ಅಂಚಿನ ಕಡೆಯಿಂದ ನೋಡುತ್ತೇನೆ. ಕತ್ತರಿಸಿದ ಕಾರ್ಡು ಒಳಕ್ಕೆ ಕೂತಿರುತ್ತದೆ, ತಕ್ಷಣ ಕಾಣುತ್ತದೆ. ಇನ್ನೊಂದು, ಆ ಕಾಲದ ಫ್ಯಾಕ್ಟರಿ ಕಟ್ ಸ್ವಲ್ಪ ಒರಟು, ನಾರು ನಾರು. ಹೊಸ ಬ್ಲೇಡಿನ ಅಂಚು ನುಣ್ಣಗೆ ಹೊಳೆಯುತ್ತದೆ. ಮಾರುವವನು ಹೀಗೆ ನೋಡಲಿಕ್ಕೆ ಬಿಡದಿದ್ದರೆ ನಾನು ಅಲ್ಲಿ ನಿಲ್ಲುವುದಿಲ್ಲ.

ಇದು ಸಣ್ಣವರ ಪಾಡು ಅಂತ ತಿಳಿಯಬೇಡಿ. ಈ ಹವ್ಯಾಸದಲ್ಲಿ ಎಲ್ಲರಿಗೂ ಗೊತ್ತಿರುವ ಕಾರ್ಡು ಹಾನಸ್ ವಾಗ್ನರ್ ಅವರದು. ಅವರೂ ಪಿಟ್ಸ್‌ಬರ್ಗ್‌ನವರೇ. 1909ರಿಂದ 1911ರವರೆಗೆ ಸಿಗರೇಟ್ ಪ್ಯಾಕಿನ ಜೊತೆ ಬಂದ ಸರಣಿಯಲ್ಲಿ ಅವರ ಕಾರ್ಡು ಬೇಗ ನಿಂತುಹೋಯಿತು, ಉಳಿದಿರುವುದು ಬಹಳ ಕಡಿಮೆ. ಅದರಲ್ಲಿ ಎಲ್ಲಕ್ಕಿಂತ ಚೆನ್ನಾಗಿರುವುದು ಎಂದು ಹೆಸರಾದ, 8ರ ಗ್ರೇಡಿನ ಕಾರ್ಡನ್ನು 1991ರಲ್ಲಿ ಐಸ್ ಹಾಕಿ ಆಟಗಾರ ವೇಯ್ನ್ ಗ್ರೆಟ್ಸ್ಕಿ ಪಾಲುದಾರರೊಬ್ಬರ ಜೊತೆ 4,51,000 ಡಾಲರಿಗೆ ಕೊಂಡಿದ್ದರು. 2007ರಲ್ಲಿ ಅದು 28 ಲಕ್ಷ ಡಾಲರಿಗೆ ಹೋಯಿತು. 2013ರಲ್ಲಿ, ಅದನ್ನು ಹಿಂದೆ ಮಾರಿದ್ದ ಬಿಲ್ ಮಾಸ್ಟ್ರೊ ಅಂಚು ಕತ್ತರಿಸಿದ್ದು ತಾನೇ ಎಂದು ಒಪ್ಪಿಕೊಂಡರು. ಅದೇ ವಾಗ್ನರ್ ಕಾರ್ಡಿನ ಇನ್ನೊಂದು ಪ್ರತಿ, ಬರೀ 3ರ ಗ್ರೇಡಿನದು, 2021ರ ಆಗಸ್ಟಿನಲ್ಲಿ 66 ಲಕ್ಷ ಡಾಲರಿಗೆ ಮಾರಾಟವಾಯಿತು. ಕಾರ್ಡೇ ಅಪರೂಪ ಆದರೆ ಗ್ರೇಡು ಹಿಂದೆ ಸರಿಯುತ್ತದೆ. ಕಾರ್ಡು ಬೇಕಾದಷ್ಟಿದ್ದು ಚೆನ್ನಾಗಿರುವುದು ಮಾತ್ರ ಅಪರೂಪ ಆದರೆ ಗ್ರೇಡೇ ಎಲ್ಲ. ನನ್ನ 1971ರ ಕ್ಲೆಮೆಂಟೆ ಎರಡನೇ ಜಾತಿಯದು.

2018ರಲ್ಲಿ ಕಳಿಸಿದೆ. ಅರೆಗಟ್ಟಿ ಪ್ಲಾಸ್ಟಿಕ್ ಕವರಿಗೆ ಹಾಕಿ, ಎರಡು ರಟ್ಟಿನ ಮಧ್ಯೆ ಇಟ್ಟು, ಇನ್ಶೂರೆನ್ಸ್ ಮಾಡಿಸಿ. 8 ಬರುತ್ತದೆ ಅಂತ ಲೆಕ್ಕ ಹಾಕಿದ್ದೆ. 9 ಬಂತು. ಆ ಸಾಸಿವೆ ಚೂರಿನ ಬಿಳಿಯನ್ನು ಅವತ್ತು ನೋಡಿದ ಮನುಷ್ಯ ಕ್ಷಮಿಸಿದ್ದ. ಇನ್ನೊಂದು ದಿನ, ಇನ್ನೊಬ್ಬ ನೋಡಿದ್ದರೆ 8 ಆಗುತ್ತಿತ್ತು ಅಂತ ನಾನು ಈಗಲೂ ನಂಬಿದ್ದೇನೆ. ಎಷ್ಟೋ ಜನ ಗ್ರೇಡಿಂಗ್ ಕಂಪನಿ ಮುಚ್ಚಿಕೊಟ್ಟ ಪ್ಲಾಸ್ಟಿಕ್ ಡಬ್ಬಿ ಒಡೆದು ಕಾರ್ಡು ಹೊರಗೆ ತೆಗೆದು ಮತ್ತೆ ಮತ್ತೆ ಕಳಿಸುವುದು ಇದಕ್ಕೇ.

ಸರಿ, ಅಷ್ಟು ದುಡ್ಡು ಯಾಕೆ? ನಾನು ಕಂಡ ಮಟ್ಟಿಗೆ ಹೇಳುತ್ತೇನೆ. ಪಿಎಸ್‌ಎಯವರು ತಾವು ಗ್ರೇಡ್ ಮಾಡಿದ ಪ್ರತಿ ಕಾರ್ಡಿನ ಲೆಕ್ಕ ಇಟ್ಟಿದ್ದಾರೆ, ಯಾವ ಗ್ರೇಡಿನಲ್ಲಿ ಎಷ್ಟಿವೆ ಅಂತ ಯಾರು ಬೇಕಾದರೂ ನೋಡಬಹುದು. ಜೊತೆಗೆ ಸೆಟ್ ರಿಜಿಸ್ಟ್ರಿ ಅಂತ ಒಂದಿದೆ. ಒಂದು ವರ್ಷದ ಇಡೀ ಸೆಟ್ಟನ್ನು ಯಾರು ಎಲ್ಲಕ್ಕಿಂತ ಒಳ್ಳೇ ಗ್ರೇಡಿನಲ್ಲಿ ಕೂಡಿಸಿದ್ದಾರೆ ಅನ್ನುವುದಕ್ಕೆ ರ‍್ಯಾಂಕು. ಮೇಲಿನ ಹತ್ತು ಜನಕ್ಕೆ 8 ಬೇಡ, 9 ಬೇಕು. 9 ಇರುವುದು ಕೆಲವೇ. ಅದಕ್ಕೆ ಇಬ್ಬರು ಹಟ ಹಿಡಿದರೆ ಸಾಕು, ಬೆಲೆ ಎಲ್ಲಿಗೋ ಹೋಗುತ್ತದೆ. ಇದರ ಮೇಲೆ 2020ರ ಕೋವಿಡ್. ಜನ ಮನೆಯಲ್ಲೇ ಕೂತರು, ಅಟ್ಟ ಕೆದಕಿದರು, ಕೈಯಲ್ಲಿ ಸ್ವಲ್ಪ ದುಡ್ಡೂ ಇತ್ತು. 2021ರ ಜನವರಿಯಲ್ಲಿ 1952ರ ಟಾಪ್ಸ್ ಮಿಕಿ ಮ್ಯಾಂಟಲ್, 9ರ ಗ್ರೇಡು, 52 ಲಕ್ಷ ಡಾಲರಿಗೆ ಹೋಯಿತು. ಗ್ರೇಡಿಂಗಿಗೆ ಎಷ್ಟು ಕಾರ್ಡು ಬಂದು ಬಿದ್ದವು ಅಂದರೆ ಆ ಮಾರ್ಚಿನಲ್ಲಿ ಪಿಎಸ್‌ಎ ಹೊಸ ಕಾರ್ಡು ತಗೊಳ್ಳುವುದನ್ನೇ ಹೆಚ್ಚುಕಡಿಮೆ ನಿಲ್ಲಿಸಿತು. ಮುಂದಿನ ವರ್ಷದ ಆಗಸ್ಟಿನಲ್ಲಿ ಅದೇ ಮ್ಯಾಂಟಲ್ ಕಾರ್ಡಿನ ಇನ್ನೊಂದು ಪ್ರತಿ, ಈ ಸಲ 9.5ರದು, 1 ಕೋಟಿ 26 ಲಕ್ಷ ಡಾಲರು. ಆಗಿನ ಲೆಕ್ಕದಲ್ಲಿ ಸುಮಾರು 100 ಕೋಟಿ ರೂಪಾಯಿ. ಅದರ ಮಾಲೀಕರು 1991ರಲ್ಲಿ 50,000 ಡಾಲರು ಕೊಟ್ಟು ಕೊಂಡಿದ್ದರಂತೆ.

ಆ ಮ್ಯಾಂಟಲ್ ಸರಣಿಯ ಕಾರ್ಡುಗಳು ಆಗ ಸರಿಯಾಗಿ ಮಾರಾಟವಾಗಲೇ ಇಲ್ಲ ಅನ್ನುವುದನ್ನೂ ಹೇಳಬೇಕು. ಉಳಿದ ಪೆಟ್ಟಿಗೆಗಳನ್ನು 1960ರಲ್ಲಿ ದೋಣಿಗೆ ತುಂಬಿ ಅಟ್ಲಾಂಟಿಕ್ ಸಮುದ್ರಕ್ಕೆ ಸುರಿಸಿದೆವು ಎಂದು ಟಾಪ್ಸ್‌ನ ಸೈ ಬರ್ಗರ್ ಅವರೇ ಹೇಳಿದ್ದರು. ಹುಡುಗರ ಅಂಗಡಿಯಲ್ಲಿ ಉಳಿದುಹೋದ ಮಾಲು, ಅಷ್ಟೇ ಆಗಿತ್ತು ಅದು.

ನಾನು ಮಾರಲು ನಿರ್ಧರಿಸಿದ್ದು ಬೆಲೆ ಏರಿದ್ದಕ್ಕೆ ಮಾತ್ರ ಅಲ್ಲ. ಹೆದರಿಕೆ ಶುರುವಾಗಿತ್ತು. ಆ ಕಾರ್ಡನ್ನು ನಾನು ನೋಡುವುದೇ ಬಿಟ್ಟಿದ್ದೆ. ಬ್ಯಾಂಕ್ ಲಾಕರಿನಲ್ಲಿತ್ತು. ಅಜ್ಜನ ಅಮ್ಮ ಅಡುಗೆ ಪುಸ್ತಕದಲ್ಲಿ ಇಟ್ಟ ಕಾರ್ಡು ಲಾಕರಿನಲ್ಲಿ ಒಂದು ನಂಬರ್ ಆಗಿ ಕೂತಿತ್ತು. ಫೋನು ಮಾಡಿ ಅಜ್ಜನನ್ನು ಕೇಳಿದೆ. ಮಾರು ಅಂದರು.

ಹರಾಜು ಆನ್‌ಲೈನ್. ರಾತ್ರಿ ಹತ್ತಕ್ಕೆ ಮುಗಿಯಬೇಕು, ಆದರೆ ಮುಗಿಯುವುದಿಲ್ಲ. ಹತ್ತರ ನಂತರ ಯಾರಾದರೂ ಕೂಗಿದರೆ ಗಡಿಯಾರ ಮತ್ತೆ ಮೊದಲಿನಿಂದ ಶುರು. ಹನ್ನೊಂದಕ್ಕೆ 2,600 ಇತ್ತು. ಹೆಂಡತಿ ಮಲಗಿದಳು. ಹನ್ನೆರಡೂವರೆಗೆ 3,900. ಆಮೇಲೆ ಇಬ್ಬರೇ ಉಳಿದರು, ಅದು ಏರಿಕೆಯ ಗತಿಯಲ್ಲೇ ಗೊತ್ತಾಗುತ್ತದೆ. ರಾತ್ರಿ 1:40ಕ್ಕೆ 4,800ಕ್ಕೆ ನಿಂತಿತು. ಕೊಂಡವರು ಅದರ ಮೇಲೆ ಶೇಕಡಾ 20 ಹರಾಜು ಕಂಪನಿಗೆ ಕೊಡಬೇಕು, ಹಾಗಾಗಿ 5,760. ಪತ್ರಿಕೆಗಳಲ್ಲಿ ಬರುವ ದಾಖಲೆ ಬೆಲೆಗಳೆಲ್ಲ ಸಾಮಾನ್ಯವಾಗಿ ಇದನ್ನು ಸೇರಿಸಿಯೇ ಹೇಳುವುದು, ಮಾರಿದವನ ಕೈಗೆ ಅಷ್ಟು ಬರುವುದಿಲ್ಲ. ನನಗೆ 5 ಶೇಕಡಾ ಕಮಿಷನ್ ಹೋಗಿ 4,560 ಬಂತು. ಅಮೆರಿಕದಲ್ಲಿ ಇಂಥ ಸಂಗ್ರಹದ ವಸ್ತುಗಳ ಲಾಭಕ್ಕೆ ಶೇಕಡಾ 28ರವರೆಗೂ ತೆರಿಗೆ ಇದೆ, ಷೇರಿಗಿಂತ ಜಾಸ್ತಿ. ಅದನ್ನು ಕಟ್ಟಿ, ಉಳಿದದ್ದರಲ್ಲಿ ಅರ್ಧ ಅಜ್ಜನಿಗೆ ಕಳಿಸಿದೆ.

ನನ್ನ ಪಾಲಿನ ದುಡ್ಡು ಹಾಗೇ ಇಟ್ಟುಕೊಂಡೆ. 2022ರ ಕೊನೆಯ ಹೊತ್ತಿಗೆ ಮಧ್ಯಮ ಗ್ರೇಡಿನ ಬೆಲೆಗಳು ಸ್ವಲ್ಪ ಇಳಿದಿದ್ದವು. ಆಗ ಅದಕ್ಕೆ ಇನ್ನಷ್ಟು ಸೇರಿಸಿ 1955ರ ಕ್ಲೆಮೆಂಟೆ ಕೊಂಡೆ, ಅವರ ಮೊದಲ ಕಾರ್ಡು, ನಂಬರ್ 164. ಗ್ರೇಡು 3. ಒಂದು ತಿಂಗಳಲ್ಲಿ ಹದಿನೇಳು 3ರ ಕಾರ್ಡು ನೋಡಿ ಆರಿಸಿದ್ದು. ಒಂದು 3ಕ್ಕೂ ಇನ್ನೊಂದು 3ಕ್ಕೂ ಅಜಗಜಾಂತರ ಇರುತ್ತದೆ. ಒಂದರಲ್ಲಿ ಮುಖದ ಮೇಲೇ ಮಡಿಕೆ, ಇನ್ನೊಂದರಲ್ಲಿ ಚಿತ್ರ ಒಂದು ಕಡೆ ಸರಿದಿದೆ. ನನ್ನದರ ನಾಲ್ಕೂ ಮೂಲೆ ಸವೆದಿವೆ, ಹಿಂದೆ, ಆಗ ಪ್ಯಾಕೆಟ್ಟಿನ ಜೊತೆ ಬರುತ್ತಿದ್ದ ಬಬಲ್ ಗಮ್ಮಿನ ಕಲೆ ಇದೆ. ಆದರೆ ಹಸಿರು ಹಿನ್ನೆಲೆ ಹೊಸದರ ಹಾಗಿದೆ, ಮುಖ ಸ್ವಚ್ಛ, ಚಿತ್ರ ಸರಿಯಾಗಿ ಮಧ್ಯಕ್ಕೆ ಕೂತಿದೆ. ಅದರ ಬೆಲೆಗೆ 8ರ ಗ್ರೇಡಿನದರ ಒಂದು ಮೂಲೆಯೂ ಬರುವುದಿಲ್ಲ. ನನ್ನಂಥ ಸಂಬಳದವರು ಯಾರಾದರೂ ಶುರು ಮಾಡುವುದಾದರೆ ನಾನು ಹೇಳುವುದು ಇದನ್ನೇ, 3 ಅಥವಾ 4ರಲ್ಲಿ ಒಳ್ಳೇ ಮುಖದ ಕಾರ್ಡು ಹುಡುಕಿ, ಆತುರ ಬೇಡ.

ಇದು ಲಾಕರಿನಲ್ಲಿಲ್ಲ. ನನ್ನ ಮೇಜಿನ ಮೇಲೆ, ಬಿಸಿಲು ಬೀಳದ ಜಾಗದಲ್ಲಿದೆ.

ಫೋಟೊ ತೆಗೆದು ಅಜ್ಜನಿಗೆ ಕಳಿಸಿದ್ದೆ. ಅರ್ಧ ಗಂಟೆ ಬಿಟ್ಟು ಫೋನು ಬಂತು. ಇದು ತನ್ನ ಹತ್ತಿರವೂ ಇತ್ತು, ಸೈಕಲ್ಲಿನ ಚಕ್ರದ ಕಡ್ಡಿಗೆ ಸಿಕ್ಕಿಸಿಕೊಂಡು ಬೇಸಿಗೆಯೆಲ್ಲ ಪಟಪಟ ಸದ್ದು ಮಾಡುತ್ತಾ ಓಡಾಡಿದ್ದೆ, ಬೇಸಿಗೆ ಮುಗಿಯುವಷ್ಟರಲ್ಲಿ ಮುಖ ಅಳಿಸಿಹೋಗಿತ್ತು ಅಂದರು. ಆಮೇಲೆ ಹಿಂದುಗಡೆಯ ಫೋಟೊನೂ ಕಳಿಸು, ಅಲ್ಲೇನು ಬರೆದಿದೆ ಓದಬೇಕು ಅಂದರು. ಕಳಿಸಿದೆ.