ಲಿಲ್ಲಿ ಎಲೆ ಉದುರಿತು, ರೋಗ ಇದ್ದದ್ದು ಬೇರಿನಲ್ಲಿ: ನನ್ನ ಅನುಭವ

ಕಳೆದ ಜನವರಿಯಲ್ಲಿ ನಂದಿ ಬೆಟ್ಟದ ತಪ್ಪಲಿನ ನನ್ನ ಪಾಲಿಹೌಸಿನಿಂದ 600 ಏಷಿಯಾಟಿಕ್ ಲಿಲ್ಲಿ ಕುಂಡಗಳು ಮಾರಾಟಕ್ಕೆ ಹೋದವು. ಬುಡ ಬೋಳಾಗಿದೆ ಎಂದು ನರ್ಸರಿಯವರು ತೆಗೆದಿಟ್ಟವು ಇಪ್ಪತ್ತನ್ನೂ ಮುಟ್ಟಲಿಲ್ಲ. ಅದರ ಹಿಂದಿನ ವರ್ಷ ಇಷ್ಟೇ ಕುಂಡಗಳಲ್ಲಿ ಅರ್ಧಕ್ಕಿಂತ ಹೆಚ್ಚು ಗಿಡಗಳು ಮೊಗ್ಗು ಬಣ್ಣ ತಿರುಗುವ ಹೊತ್ತಿಗೆ ಮೊಳಕಾಲುದ್ದಕ್ಕೆ ಎಲೆ ಕಳೆದುಕೊಂಡು ಕಡ್ಡಿಯಂತೆ ನಿಂತಿದ್ದವು. ಗೆಡ್ಡೆಗೇ ಸುಮಾರು 17,000 ರೂಪಾಯಿ ಸುರಿದಿದ್ದೆ. 110 ರೂಪಾಯಿಗೆ ಹೋಗಬೇಕಾದ ಕುಂಡವನ್ನು 40ಕ್ಕೆ ಕೊಟ್ಟು ಕೈ ತೊಳೆದುಕೊಂಡೆ.

ನೋಡಿದವರೆಲ್ಲ ಬೊಟ್ರೈಟಿಸ್ ಎಂಬ ಶಿಲೀಂಧ್ರ ರೋಗ ಎಂದರು, ನಾನೂ ನಂಬಿದೆ. ಕಾರ್ಬೆಂಡೆಜಿಮ್ ಮತ್ತು ಮ್ಯಾಂಕೋಜೆಬ್ ಎಂಬ ಶಿಲೀಂಧ್ರನಾಶಕಗಳನ್ನು ಸರದಿಯಂತೆ ಸಿಂಪಡಿಸಿ ಸುಮಾರು 4,000 ರೂಪಾಯಿ ಕಳೆದ ಮೇಲಷ್ಟೇ ಬುದ್ಧಿ ಬಂದದ್ದು. ಬೊಟ್ರೈಟಿಸ್ ಆಗಿದ್ದರೆ ಎಲೆಯ ಮೇಲೆ ಕಂದು ಬಣ್ಣದ ಅಂಡಾಕಾರದ ಮಚ್ಚೆಗಳು ಕಾಣಬೇಕಿತ್ತು. ನನ್ನ ಗಿಡಗಳಲ್ಲಿ ಮಚ್ಚೆಯೇ ಇರಲಿಲ್ಲ. ಕೆಳಗಿನ ಎಲೆ ಮೊದಲು ಹಳದಿಯಾಗಿ ಉದುರುತ್ತಿತ್ತು, ಅದಕ್ಕೂ ಮುಂಚೆ ತುದಿ ಅರ್ಧಚಂದ್ರಾಕಾರವಾಗಿ ಸುಡುತ್ತಿತ್ತು. ಸಾರಜನಕದ ಕೊರತೆಯಿರಬಹುದೆಂದು ಗೊಬ್ಬರದ ನೀರು ಹೆಚ್ಚಿಸಿದೆ. ಒಂದು ವಾರದಲ್ಲಿ ಉದುರುವುದು ಇಮ್ಮಡಿಯಾಯಿತು. ಆ ತಪ್ಪಿಗೆ ಯಾರನ್ನೂ ದೂರುವಂತಿಲ್ಲ.

ಕೊನೆಗೆ ನಾಲ್ಕು ಕುಂಡಗಳನ್ನು ಬೋರಲು ಹಾಕಿ ಗೆಡ್ಡೆಯನ್ನೇ ಕೈಗೆತ್ತಿಕೊಂಡು ನೋಡಿದೆ. ಗೆಡ್ಡೆಯ ಅಡಿಯ ಬೇರುಗಳು ಕಂದಾಗಿ ಮೆತ್ತಗಾಗಿದ್ದವು. ಗೆಡ್ಡೆಯ ಮೇಲೆ ಕಾಂಡದಿಂದ ಹೊರಡಬೇಕಾದ ಬೇರುಗಳು ಬಿಳಿ ಚುಕ್ಕೆಗಳಾಗಿ ಇಣುಕಿ, ಮುಚ್ಚಲು ಮಣ್ಣಿಲ್ಲದೆ ಒಣಗಿದ್ದವು. ಹಣ ಉಳಿಸಲೆಂದು 6 ಅಂಗುಲದ ಕುಂಡ ತಂದು ಗೆಡ್ಡೆಯ ಮೇಲೆ ಒಂದೇ ಅಂಗುಲ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಹಾಕಿದ್ದು ನಾನೇ. ಲಿಲ್ಲಿ ಎತ್ತರವಾದ ಮೇಲೆ ನೀರು, ಗೊಬ್ಬರವನ್ನು ಹೆಚ್ಚಾಗಿ ಎಳೆಯುವುದು ಈ ಕಾಂಡದ ಬೇರುಗಳಿಂದ. ಅವು ಇಲ್ಲವಾದರೆ ಗಿಡವು ಮೊಗ್ಗನ್ನು ಸಾಕಲು ತನ್ನ ಕೆಳಗಿನ ಎಲೆಗಳನ್ನೇ ತಿನ್ನುತ್ತದೆ.

ಆದರೆ ಅಡಿಯ ಬೇರುಗಳು ಏಕೆ ಕೆಟ್ಟವು? ಸುಮಾರು 1,500 ರೂಪಾಯಿ ಕೊಟ್ಟು ಇ.ಸಿ. ಮೀಟರ್ (ನೀರಿನಲ್ಲಿ ಕರಗಿದ ಉಪ್ಪು ಎಷ್ಟೆಂದು ಅದರ ವಿದ್ಯುತ್ ವಾಹಕತೆಯಿಂದ ತೋರಿಸುವ ಸಾಧನ) ತಂದು ಅಳೆದಾಗ ನಮ್ಮ ಕೊಳವೆಬಾವಿಯ ನೀರು 1.3ರ ಆಸುಪಾಸಿನಲ್ಲಿತ್ತು, ಕುಂಡದ ಅಡಿಯಿಂದ ಸೋರಿದ ನೀರು 3 ದಾಟಿತ್ತು. ತಿಪಟೂರು ಕಡೆಯಿಂದ ತರಿಸಿದ ಕೋಕೋಪೀಟನ್ನು ಒಂದೇ ಸಲ ತೊಳೆದು ತುಂಬಿದ್ದೆ, ಅದರ ಉಪ್ಪು ಹಾಗೆಯೇ ಉಳಿದಿತ್ತು. ತುದಿ ಸುಟ್ಟದ್ದಕ್ಕೆ ಮಾತ್ರ ನನ್ನ ಅನುಮಾನ ಫ್ಲೋರೈಡ್ ಮೇಲೆ. ಲಿಲ್ಲಿಗೆ ಅದು ಆಗಿಬರುವುದಿಲ್ಲ. ನಮ್ಮ ಸೀಮೆಯ ಅಂತರ್ಜಲದಲ್ಲಿ ಅದು ಇರುವುದು ಎಲ್ಲರಿಗೂ ಗೊತ್ತು, ನಾನು ಬೆರೆಸಿದ್ದ ಸೂಪರ್ ಫಾಸ್ಫೇಟ್ ಗೊಬ್ಬರದಲ್ಲಿಯೂ ಇರುತ್ತದೆ.

ಮಳೆ ನೀರು ಹಿಡಿಯುತ್ತೇನೆಂದಾಗ ಪಕ್ಕದ ತೋಟದವರು, "ಏನಣ್ಣಾ, ಬೋರಿನ ನೀರಿಗೆ ಗುಲಾಬಿ ಬರುತ್ತೆ, ನಿನ್ನ ಲಿಲ್ಲಿಗೆ ತೀರ್ಥ ಬೇಕಾ?" ಎಂದು ನಕ್ಕರು. ಅವರಿಗಾಗಿಯೇ 24 ಕುಂಡಗಳನ್ನು ಆರಾರರಂತೆ ನಾಲ್ಕು ಪಾಲು ಮಾಡಿ, ಮೇಲ್ಮಟ್ಟದಲ್ಲಿ ನೆಟ್ಟವು, ಆಳಕ್ಕೆ ನೆಟ್ಟವು, ಬೋರಿನ ನೀರಿನವು, ಮಳೆ ನೀರಿನವು ಎಂದು ಜೋಡಿ ಮಾಡಿಟ್ಟೆ. ಮೇಲ್ಮಟ್ಟದಲ್ಲಿ ನೆಟ್ಟು ಬೋರಿನ ನೀರು ಕುಡಿಸಿದವು ಅರ್ಧದಷ್ಟು ಎಲೆ ಉದುರಿಸಿದವು. ಆಳಕ್ಕೆ ನೆಟ್ಟು ಮಳೆ ನೀರು ಕೊಟ್ಟವು ಗಿಡಕ್ಕೆ ಮೂರ್ನಾಲ್ಕು ಎಲೆಯಷ್ಟೇ. ಉಳಿದೆರಡು ಪಾಲು ನಡುವೆ ನಿಂತವು. ಆಳಕ್ಕೆ ನೆಟ್ಟು ಬೋರಿನ ನೀರು ಕೊಟ್ಟವೇ ಸ್ವಲ್ಪ ವಾಸಿ ಎಂಬುದು ನನಗೂ ಅಚ್ಚರಿ. ಆಮೇಲೆ ಅವರು ನಗಲಿಲ್ಲ, ನನ್ನ ಮೀಟರನ್ನೇ ಎರವಲು ಕೇಳಿದರು.

ನನ್ನ 500 ಚದರ ಮೀಟರ್ ಪಾಲಿಹೌಸಿನ ಮಾಡಿನಿಂದ 40 ಮಿಲಿಮೀಟರಿನ ಒಂದು ಮಳೆಗೆ ಲೆಕ್ಕದಂತೆ 20,000 ಲೀಟರ್ ನೀರು ಇಳಿಯಬೇಕು, ಸೋರಿಕೆ ಕಳೆದರೂ ಚಿತ್ತೆ, ಸ್ವಾತಿ ಮಳೆಗಳಲ್ಲಿ ತೊಟ್ಟಿ ತುಂಬುತ್ತದೆ. ಪ್ಲಾಸ್ಟಿಕ್ ಹಾಳೆ ಹಾಸಿದ ತೊಟ್ಟಿಗೂ ಮಾಡಿನ ನೀರು ಹಿಡಿಯುವ ದೋಣಿಗಳಿಗೂ ಸೇರಿ ಸುಮಾರು 18,000 ರೂಪಾಯಿ ಆಯಿತು. ಎರಡು ಪಾಲು ಮಳೆ ನೀರಿಗೆ ಒಂದು ಪಾಲು ಬೋರಿನ ನೀರು ಬೆರೆಸಿದರೆ ಇ.ಸಿ. 0.5ರ ಒಳಗೆ ನಿಲ್ಲುತ್ತದೆ. ಕುಂಡವನ್ನು 8 ಅಂಗುಲದ ಎತ್ತರದ್ದಕ್ಕೆ ಬದಲಿಸಿ ಗೆಡ್ಡೆಯ ಮೇಲೆ 4 ಅಂಗುಲ ತುಂಬಿಸುತ್ತೇನೆ. ಕುಂಡಕ್ಕೆ 6 ರೂಪಾಯಿ ಹೆಚ್ಚು, ಅಷ್ಟೇ. ಕೋಕೋಪೀಟನ್ನು ಕ್ಯಾಲ್ಸಿಯಂ ನೈಟ್ರೇಟಿನಲ್ಲಿ ನೆನೆಸಿ ತೊಳೆಯುತ್ತೇನೆ. ಅದಕ್ಕೆ ಏನನ್ನು ಎಷ್ಟು ಬೆರೆಸುತ್ತೇನೆಂಬುದು ನನ್ನ ಹತ್ತಿರವೇ ಇರಲಿ. ಎರಡು ವರ್ಷದ ನಷ್ಟ ಕೊಟ್ಟು ಕೊಂಡ ಲೆಕ್ಕ ಅದು.

ಆಗಲೇ ಎಲೆ ಉದುರತೊಡಗಿದ ಗಿಡಕ್ಕೆ ಹೋದ ಎಲೆ ಮತ್ತೆ ಬರುವುದಿಲ್ಲ, ಉಳಿದದ್ದನ್ನು ಉಳಿಸಬಹುದು. ಕುಂಡದ ಗಾತ್ರದ ಮೂರು ಪಟ್ಟು ಮಳೆ ನೀರು ಸುರಿದು ಉಪ್ಪು ತೊಳೆದು, ಹಳೆಯ ಪಾಲಿಥೀನ್ ಪಟ್ಟಿಯನ್ನು ಕೊರಳಿನಂತೆ ಸುತ್ತಿ, ಕಾಂಡದ ಸುತ್ತ ಎರಡು ಮೂರು ಅಂಗುಲ ಮಿಶ್ರಣ ಏರಿಸಿದರೆ ಸುಮಾರು 12 ದಿನದಲ್ಲಿ ಹೊಸ ಬೇರು ಕಾಣುತ್ತದೆ. ಮೇಲೆ ರಾಗಿ ಹುಲ್ಲು ಹಾಸಿ ತಂಪು ಮಾಡಲು ಹೋದೆ. ಬೇರಿಗೆ ಅನುಕೂಲವಾಯಿತು, ಬಸವನಹುಳುಗಳಿಗೆ ಅದಕ್ಕಿಂತ ಹೆಚ್ಚು ಅನುಕೂಲವಾಯಿತು. ಈಗ ಹಾಸುವುದಿಲ್ಲ.

ಈ ಸಲ ಓರಿಯಂಟಲ್ ಎಂಬ ಇನ್ನೊಂದು ಬಗೆಯ ಲಿಲ್ಲಿಯ 50 ಗೆಡ್ಡೆಗಳನ್ನೂ ನೆಟ್ಟಿದ್ದೇನೆ. ಅವುಗಳಲ್ಲಿ ಬುಡದ ಎಲೆ ಗಟ್ಟಿಯಾಗಿದೆ, ಮೊಗ್ಗಿನ ಕೆಳಗಿನ ಎಳೆ ಎಲೆ ಸುಡುತ್ತಿದೆ. ಅದು ಕ್ಯಾಲ್ಸಿಯಂ ಕೊರತೆಯಂತೆ ಕಾಣುತ್ತಿರುವುದರಿಂದ 10 ಕುಂಡಗಳಿಗೆ ಮಾತ್ರ ಕ್ಯಾಲ್ಸಿಯಂ ಸಿಂಪಡಿಸಿ, ಉಳಿದ 40ನ್ನು ಹಾಗೆಯೇ ಬಿಟ್ಟು ನೋಡುತ್ತಿದ್ದೇನೆ.