ಮಳೆಗಾಲದಲ್ಲಿ ತುಡುವೆ ಪೆಟ್ಟಿಗೆಯನ್ನು ಉಳಿಸಿಕೊಳ್ಳುವುದು ಹೇಗೆ

ಕೊಡಗಿನಲ್ಲಿ ತುಡುವೆ (ಪೆಟ್ಟಿಗೆಯಲ್ಲಿ ಸಾಕುವ ಜೇನುನೊಣ) ಸಾಕುವವರು ಮೊದಲು ಕಲಿಯಬೇಕಾದದ್ದು ಆಷಾಢವನ್ನು ದಾಟಿಸುವ ಬಗೆ. ಎಡೆಬಿಡದ ಮಳೆಯಲ್ಲಿ ನೊಣಗಳು ಮೇವಿಗೆ ಹೋಗಲಾರವು. ಆಹಾರವಿಲ್ಲದ ಕುಟುಂಬ ಗೂಡು ಬಿಟ್ಟು ಹಾರಿಹೋಗುತ್ತದೆ.

ಮಳೆ ಹಿಡಿಯುವ ಮುನ್ನ ಮೇಲಿನ ಜೇನುಕೋಣೆಯನ್ನು ತೆಗೆದಿಡಿ. ಮರಿಗಳು ಬೆಳೆಯುವ ಕೆಳಗಿನ ಸಂಸಾರಕೋಣೆಯಲ್ಲಿ ನೊಣಗಳು ಆವರಿಸಿರುವ ಎರಿಗಳನ್ನಷ್ಟೇ (ಮೇಣದ ಜೇನುಹುಟ್ಟು) ಬಿಡಿ; ಖಾಲಿ ಎರಿಗೆ ಮೇಣದ ಹುಳು ಬೀಳುತ್ತದೆ. ಸ್ಟ್ಯಾಂಡಿನ ಕಾಲುಗಳನ್ನು ನೀರಿನ ಬಟ್ಟಲಿನಲ್ಲಿಟ್ಟರೆ ಇರುವೆ ಹತ್ತುವುದಿಲ್ಲ.

ಸಕ್ಕರೆ, ನೀರು ಸಮಪಾಲು ಕುದಿಸಿ, ಆರಿಸಿ, ವಾರಕ್ಕೊಮ್ಮೆ ಸಂಜೆ ಕೊಡಿ. ಹಗಲಿನಲ್ಲಿ ಕೊಟ್ಟರೆ ಪಕ್ಕದ ಪೆಟ್ಟಿಗೆಯ ನೊಣಗಳು ದೋಚಲು ಬರುತ್ತವೆ. ಪಾಕದಲ್ಲಿ ಒಣಕಡ್ಡಿ ತೇಲಿಬಿಡಿ, ಇಲ್ಲವಾದರೆ ನೊಣಗಳು ಮುಳುಗಿ ಸಾಯುತ್ತವೆ. ಬೇರೆಯವರ ಹಳೆಯ ಎರಿಯನ್ನು ಮಾತ್ರ ಎಂದಿಗೂ ತರಬೇಡಿ, ಅದರ ಜೊತೆ ರೋಗವೂ ಬರಬಹುದು. 1990ರ ದಶಕದ ಆರಂಭದಲ್ಲಿ ಮರಿಹುಳುಗಳನ್ನು ಕೊಲ್ಲುವ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ಊರೂರಿನ ಪೆಟ್ಟಿಗೆಗಳನ್ನು ಬರಿದು ಮಾಡಿದ್ದನ್ನು ಹಿರಿಯರು ಇಂದಿಗೂ ನೋವಿನಿಂದ ಹೇಳುತ್ತಾರೆ.

ಹೀಗೆ ಉಳಿದ ಕುಟುಂಬವೇ ಕಾಫಿಯನ್ನು ಅರಳಿಸುವ ಬೇಸಿಗೆಯ ಹೂಮಳೆಯ ನಂತರ ರೊಬಸ್ಟಾ ಕಾಫಿಯ ಹೂವಿಗೆ ಇಳಿಯುತ್ತದೆ. ರೊಬಸ್ಟಾ ತನ್ನದೇ ಪರಾಗದಿಂದ ಕಾಯಿ ಕಟ್ಟದು; ಬೇರೆ ಗಿಡದ ಪರಾಗವನ್ನು ನೊಣಗಳು ತಂದುಕೊಡುತ್ತವೆ. ಹಾಗಾಗಿ ಜೇನಿಗಿಂತ ಕಾಫಿಯ ಫಸಲೇ ನನಗೆ ದೊಡ್ಡ ಲಾಭ. ಆ ದಿನಗಳಲ್ಲಿ ತೋಟಕ್ಕೆ ಕೀಟನಾಶಕ ಸಿಂಪಡಿಸಲು ನಾನು ಯಾರಿಗೂ ಬಿಡುವುದಿಲ್ಲ. ಎರಿಯ ಮುಕ್ಕಾಲು ಪಾಲು ಮೇಣದಿಂದ ಮುಚ್ಚಿದ ಮೇಲೆ, ಮತ್ತೆ ಇಟ್ಟ ಜೇನುಕೋಣೆಯಿಂದ ಜೇನುತುಪ್ಪ ತೆಗೆಯಿರಿ. ಸಂಸಾರಕೋಣೆಯ ಎರಿಗೆ ಕೈ ಹಾಕಬೇಡಿ.