ಹಂದಿ ಕೊಬ್ಬಿನ ಸೋಪು: ಕೊಬ್ಬು ತಿಳಿಯಾದರೆ ಅರ್ಧ ಕೆಲಸ ಮುಗಿದಂತೆ

ಮನೆಯಲ್ಲಿ ಸೋಪು ತಯಾರಿಸುವ ಹವ್ಯಾಸ ಹತ್ತಿದವರು ಸಾಮಾನ್ಯವಾಗಿ ಕೊಬ್ಬರಿ ಎಣ್ಣೆ, ಆಲಿವ್ ಎಣ್ಣೆಗಳಿಂದ ಆರಂಭಿಸುತ್ತಾರೆ. ಹಂದಿ ಕೊಬ್ಬಿನ ಮಾತು ಬಂದೊಡನೆ ಹಿಂಜರಿಯುತ್ತಾರೆ. ಸೋಪಿಗೆ ಕೆಟ್ಟ ವಾಸನೆ ಬಂದೀತು, ಮೈಗೆ ಜಿಡ್ಡು ಅಂಟೀತು ಎಂಬ ಅಳುಕು ಅವರದು. ನಿಧಾನವಾಗಿ ಕರಗಿಸಿ, ತೊಳೆದು, ನೀರಿನಂಶ ತೆಗೆದ ಕೊಬ್ಬಿನಿಂದ ಒಮ್ಮೆ ಸೋಪು ಮಾಡಿ ನೋಡಿದವರಿಗೆ ಆ ಅಳುಕು ಉಳಿಯುವುದಿಲ್ಲ: ಬಿಲ್ಲೆ ಅಚ್ಚ ಬಿಳುಪಾಗಿರುತ್ತದೆ, ಗಟ್ಟಿಯಾಗಿ ಬಹಳ ದಿನ ಬಾಳಿಕೆ ಬರುತ್ತದೆ, ಕೈಗೆ ನುಣುಪಾದ ಕೆನೆನೊರೆ ಕೊಡುತ್ತದೆ.

ಈ ಗುಣಗಳಿಗೆ ಕಾರಣ ಕೊಬ್ಬಿನ ರಚನೆಯಲ್ಲಿಯೇ ಇದೆ. ಕೊಬ್ಬು ಎಂಬುದು ಕೊಬ್ಬಿನಾಮ್ಲಗಳೂ ಗ್ಲಿಸರಿನ್ನೂ ಸೇರಿ ಆದದ್ದು ಎಂಬುದನ್ನು ಫ್ರಾನ್ಸಿನ ರಸಾಯನ ವಿಜ್ಞಾನಿ ಮಿಶೆಲ್ ಯೂಜೀನ್ ಶೆವ್ರೆಲ್ 1823ರಲ್ಲಿ ಪ್ರಕಟಿಸಿದ ತಮ್ಮ ಗ್ರಂಥದಲ್ಲಿ ವಿವರವಾಗಿ ತೋರಿಸಿದರು. ಕಾಸ್ಟಿಕ್ ಸೋಡಾ (ಸೋಡಿಯಂ ಹೈಡ್ರಾಕ್ಸೈಡ್ ಎಂಬ ತೀಕ್ಷ್ಣ ಕ್ಷಾರ; ಅಡುಗೆ ಸೋಡಾ ಅಲ್ಲ) ಈ ಬಂಧವನ್ನು ಬಿಡಿಸುತ್ತದೆ; ಆಮ್ಲಗಳು ಸೋಡಿಯಂ ಜೊತೆ ಕೂಡಿ ಸೋಪಾಗುತ್ತವೆ, ಗ್ಲಿಸರಿನ್ ಅದರೊಳಗೇ ಉಳಿಯುತ್ತದೆ. ಹಂದಿ ಕೊಬ್ಬಿನಲ್ಲಿ ಪಾಲ್ಮಿಟಿಕ್ ಮತ್ತು ಸ್ಟಿಯರಿಕ್ ಆಮ್ಲಗಳು ಒಟ್ಟಾಗಿ ಸುಮಾರು ಶೇ 40ರಷ್ಟಿವೆ. ಸೋಪಿಗೆ ಗಟ್ಟಿತನ ಬರುವುದು ಇವುಗಳಿಂದ. ಓಲಿಯಿಕ್ ಆಮ್ಲವೂ ಹೆಚ್ಚುಕಡಿಮೆ ಅಷ್ಟೇ ಇದ್ದು, ಚರ್ಮಕ್ಕೆ ಮೃದುವಾದ ಗುಣವನ್ನು ಕೊಡುತ್ತದೆ. ಗುಳ್ಳೆಗುಳ್ಳೆಯಾದ ನೊರೆ ಕೊಡುವ ಲಾರಿಕ್ ಆಮ್ಲ ಮಾತ್ರ ಇದರಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಆ ಕೊರತೆ ತುಂಬಲು ಕಾಲು ಭಾಗ ಕೊಬ್ಬರಿ ಎಣ್ಣೆ ಬೆರೆಸಬೇಕು.

ಮೊದಲ ಹಂತ ಕೊಬ್ಬನ್ನು ಕರಗಿಸುವುದು. ಮೂತ್ರಪಿಂಡದ ಸುತ್ತ ಇರುವ ಕೊಬ್ಬು ಎಲ್ಲಕ್ಕಿಂತ ಬಿಳುಪು, ವಾಸನೆಯೂ ಕಡಿಮೆ. ಅದು ದೊರೆಯದಿದ್ದರೆ ಬೆನ್ನಿನ ಕೊಬ್ಬು ಆಗಬಹುದು. ಮಾಂಸದ ಎಳೆ, ರಕ್ತದ ಕಲೆಗಳನ್ನು ಚಾಕುವಿನಿಂದ ಪೂರ್ತಿ ತೆಗೆದುಹಾಕಬೇಕು, ಏಕೆಂದರೆ ಕೆಟ್ಟ ವಾಸನೆಗೆ ಮುಖ್ಯ ಮೂಲ ಅವೇ. ಕೊಬ್ಬನ್ನು ಫ್ರಿಜ್ಜಿನಲ್ಲಿ ಗಟ್ಟಿಯಾಗಿಸಿಕೊಂಡರೆ ಸಣ್ಣಗೆ ಹೆಚ್ಚುವುದು ಸುಲಭ. ದಪ್ಪ ತಳದ ಪಾತ್ರೆಯಲ್ಲಿ ತಳ ಮುಚ್ಚುವಷ್ಟು ನೀರು ಹಾಕಿ, ಹೆಚ್ಚಿದ ಕೊಬ್ಬು ಸೇರಿಸಿ, ತೀರಾ ಸಣ್ಣ ಉರಿಯಲ್ಲಿ ಆಗಾಗ ಕೈಯಾಡಿಸುತ್ತ ಎರಡು ಮೂರು ಗಂಟೆ ಇಡಬೇಕು. ಇಲ್ಲಿ ಅವಸರ ಸಲ್ಲದು. ಉರಿ ಹೆಚ್ಚಾದರೆ ಚೂರುಗಳು ಕಂದಿ, ಹುರಿದ ಮಾಂಸದ ವಾಸನೆ ಕೊಬ್ಬಿಗೆ ಹಿಡಿಯುತ್ತದೆ. ಅಡುಗೆಗಾದರೆ ಅದು ನಡೆದೀತು, ಸೋಪಿಗೆ ನಡೆಯದು. ಚೂರುಗಳು ಸುರುಟಿಕೊಂಡು, ಸುತ್ತಲಿನ ದ್ರವ ಪಾರದರ್ಶಕವಾದಾಗ ಒಲೆ ಆರಿಸಿ ತೆಳು ಬಟ್ಟೆಯಲ್ಲಿ ಸೋಸಬೇಕು.

ಅನೇಕರು ಕೆಲಸವನ್ನು ಇಲ್ಲಿಗೇ ನಿಲ್ಲಿಸುತ್ತಾರೆ. ನಾನೂ ಮೊದಲ ಸಲ ಹಾಗೆಯೇ ಮಾಡಿದ್ದೆ. ಸೋಪು ನೋಡಲು ಚೆನ್ನಾಗಿಯೇ ಇತ್ತು, ಆದರೆ ಒದ್ದೆಯಾದಾಗಲೆಲ್ಲ ಅಡುಗೆಮನೆಯ ಕಮಟು ಏಳುತ್ತಿತ್ತು. ಆದ್ದರಿಂದ ಸೋಸಿದ ಕೊಬ್ಬಿಗೆ ಅಷ್ಟೇ ಪ್ರಮಾಣದ ನೀರು, ಕೆಜಿಗೆ ಎರಡು ದೊಡ್ಡ ಚಮಚದಷ್ಟು ಉಪ್ಪು ಸೇರಿಸಿ ಅರ್ಧ ಗಂಟೆ ಮೆಲ್ಲಗೆ ಕುದಿಸಿ, ಆರಿದ ಮೇಲೆ ರಾತ್ರಿಯಿಡೀ ಫ್ರಿಜ್ಜಿನಲ್ಲಿಡಬೇಕು. ಬೆಳಿಗ್ಗೆ ಕೊಬ್ಬು ಬಿಳಿ ಬಿಲ್ಲೆಯಾಗಿ ಮೇಲೆ ಕಟ್ಟಿರುತ್ತದೆ. ಅದನ್ನು ಎತ್ತಿ ಮಗುಚಿದರೆ ಅಡಿಯಲ್ಲಿ ಲೋಳೆಯಂತಹ ಕಂದು ಗಸಿ ಅಂಟಿಕೊಂಡಿರುವುದು ಕಾಣುತ್ತದೆ. ಅದನ್ನು ಚಾಕುವಿನಿಂದ ಕೆರೆದು, ಕೆಳಗಿನ ನೀರನ್ನು ಚೆಲ್ಲಬೇಕು. ಎರಡನೆಯ ಸಲವೂ ತೊಳೆದರೆ ನೀರು ಬಹುಮಟ್ಟಿಗೆ ತಿಳಿಯಾಗಿ ಇಳಿಯುತ್ತದೆ. ಕೊನೆಗೆ ಕೊಬ್ಬನ್ನು ಮತ್ತೆ ಕರಗಿಸಿ, ತಳದಿಂದ ಬರುವ ಸಣ್ಣ ಚಟಪಟ ಸದ್ದು ನಿಲ್ಲುವವರೆಗೆ ಸಣ್ಣ ಉರಿಯಲ್ಲಿಡಬೇಕು. ಆ ಸದ್ದು ಉಳಿದ ನೀರಿನಂಶದ್ದು; ನೀರು ಉಳಿದ ಕೊಬ್ಬು ಬೇಗ ಕೆಡುತ್ತದೆ.

ಇನ್ನು ಅಳತೆ. ಸೋಪಿನ ಕೆಲಸದಲ್ಲಿ ಲೋಟ, ಚಮಚಗಳ ಲೆಕ್ಕ ನಡೆಯುವುದಿಲ್ಲ; ನೀರನ್ನೂ ಸೇರಿಸಿ ಎಲ್ಲವನ್ನೂ ಡಿಜಿಟಲ್ ತಕ್ಕಡಿಯಲ್ಲಿ ತೂಗಬೇಕು. ಹೊಸಬರಿಗೆ ಒಪ್ಪುವ ಪ್ರಮಾಣ ಇದು: ಹಂದಿ ಕೊಬ್ಬು 350 ಗ್ರಾಂ, ಕೊಬ್ಬರಿ ಎಣ್ಣೆ 125 ಗ್ರಾಂ, ಹರಳೆಣ್ಣೆ 25 ಗ್ರಾಂ, ಕಾಸ್ಟಿಕ್ ಸೋಡಾ 71 ಗ್ರಾಂ, ಬಟ್ಟಿ ಇಳಿಸಿದ ನೀರು 142 ಗ್ರಾಂ. ಒಂದು ಗ್ರಾಂ ಹಂದಿ ಕೊಬ್ಬು ಸೋಪಾಗಲು ಸುಮಾರು 0.14 ಗ್ರಾಂ ಸೋಡಾ ಸಾಕು, ಕೊಬ್ಬರಿ ಎಣ್ಣೆಗೆ 0.183 ಗ್ರಾಂ ಬೇಕು, ಹರಳೆಣ್ಣೆಗೆ 0.128 ಗ್ರಾಂ. ಹೀಗೆ ಬಂದ ಮೊತ್ತ 75 ಗ್ರಾಂ. ಅದರಲ್ಲಿ ಶೇ 5ರಷ್ಟನ್ನು ಬೇಕೆಂದೇ ಕಡಿಮೆ ಮಾಡಿದರೆ ಸ್ವಲ್ಪ ಕೊಬ್ಬು ಸೋಪಾಗದೆ ಉಳಿದು ಚರ್ಮವನ್ನು ಕಾಯುತ್ತದೆ. ಕೊಬ್ಬರಿ ಎಣ್ಣೆ ಸಾಲದೆಂದು ಅದರ ಬದಲಿಗೆ ಹಂದಿ ಕೊಬ್ಬನ್ನೇ ಹಾಕಿ ಸೋಡಾವನ್ನು ಮಾತ್ರ ಹಳೆಯ ಲೆಕ್ಕದಲ್ಲೇ ಉಳಿಸಿಕೊಂಡರೆ, ಸೋಡಾ ಮಿಕ್ಕಿ ಚರ್ಮ ಸುಡುವ ಸೋಪಾದೀತು. ಯಾವ ಎಣ್ಣೆ ಬದಲಾದರೂ ಲೆಕ್ಕವನ್ನು ಹೊಸದಾಗಿಯೇ ಹಾಕಬೇಕು.

ಸೋಡಾ ಕರಗಿಸುವಾಗ ಕನ್ನಡಕ, ಕೈಗವಸು, ಉದ್ದ ತೋಳಿನ ಬಟ್ಟೆ ಕಡ್ಡಾಯ. ಮಕ್ಕಳೂ ಸಾಕುಪ್ರಾಣಿಗಳೂ ಆ ಕೋಣೆಯಲ್ಲಿ ಇರಕೂಡದು. ಕಿಟಕಿ ತೆರೆದಿಟ್ಟು, ಸ್ಟೀಲ್ ಅಥವಾ ಗಟ್ಟಿ ಪ್ಲಾಸ್ಟಿಕ್ ಪಾತ್ರೆಯಲ್ಲಿರುವ ತಣ್ಣೀರಿಗೆ ಸೋಡಾವನ್ನು ಸ್ವಲ್ಪ ಸ್ವಲ್ಪವೇ ಉದುರಿಸಬೇಕು. ಸೋಡಾದ ಮೇಲೆ ನೀರು ಸುರಿದರೆ ಅದು ಸಿಡಿದು ಮೇಲೆ ಹಾರೀತು. ಅಲ್ಯೂಮಿನಿಯಂ ಪಾತ್ರೆಯನ್ನು ಮುಟ್ಟಲೇಬಾರದು; ಸೋಡಾ ಅದನ್ನು ತಿಂದು, ಹೊತ್ತಿಕೊಳ್ಳುವ ಹೈಡ್ರೋಜನ್ ಅನಿಲ ಬಿಡುತ್ತದೆ. ದ್ರಾವಣ ಕೆಲವೇ ಕ್ಷಣಗಳಲ್ಲಿ ಕೈ ಸುಡುವಷ್ಟು ಬಿಸಿಯಾಗಿ ಆವಿ ಏಳುವುದರಿಂದ ಮುಖವನ್ನು ದೂರ ಇಟ್ಟುಕೊಳ್ಳಬೇಕು. ಮೈಮೇಲೆ ಹನಿ ಬಿದ್ದರೆ ವಿನಿಗರ್ ಹುಡುಕದೆ, ಕೂಡಲೇ ಹರಿಯುವ ನೀರಿನಲ್ಲಿ ಹದಿನೈದು ಇಪ್ಪತ್ತು ನಿಮಿಷ ತೊಳೆಯಬೇಕು. ಕಣ್ಣಿಗೆ ಬಿದ್ದರೆ ತೊಳೆಯುತ್ತಲೇ ವೈದ್ಯಕೀಯ ನೆರವು ಪಡೆಯಬೇಕು.

ಎಣ್ಣೆಗಳನ್ನು ಕೂಡಿಸಿ ಕರಗಿಸಿ, ಅವೂ ಸೋಡಾ ದ್ರಾವಣವೂ 40 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಬಂದಾಗ ದ್ರಾವಣವನ್ನು ಎಣ್ಣೆಗೆ ಸಣ್ಣ ಧಾರೆಯಾಗಿ ಸುರಿಯಬೇಕು. ಇದಕ್ಕಿಂತ ತೀರಾ ತಣ್ಣಗಾದರೆ ಕೊಬ್ಬು ತಾನೇ ಹೆಪ್ಪುಗಟ್ಟಲು ತೊಡಗಿ, ಸೋಪು ಕೂಡಿಕೊಳ್ಳುವ ಮೊದಲೇ ಮಿಶ್ರಣ ದಪ್ಪವಾದಂತೆ ತೋರಿ ಮೋಸವಾಗುತ್ತದೆ. ಹ್ಯಾಂಡ್ ಬ್ಲೆಂಡರನ್ನು ಕೆಲವು ಸೆಕೆಂಡು ಓಡಿಸುವುದು, ನಿಲ್ಲಿಸಿ ಅದರಿಂದಲೇ ಕಲಕುವುದು, ಮತ್ತೆ ಓಡಿಸುವುದು. ಹೀಗೆ ಮುಂದುವರಿಸಿದರೆ ಎಣ್ಣೆಯ ಹೊಳಪು ಮಾಯವಾಗಿ ಮಿಶ್ರಣ ಕೆನೆಬಣ್ಣಕ್ಕೆ ತಿರುಗುತ್ತದೆ. ಬ್ಲೆಂಡರನ್ನು ಆರಿಸಿ ಎತ್ತಿ ಹಿಡಿದಾಗ ಅದರಿಂದ ಇಳಿದ ಎಳೆ ಕೂಡಲೇ ಮುಳುಗದೆ ಮೇಲ್ಮೈಯಲ್ಲಿ ಗೆರೆಯಾಗಿ ಒಂದು ಕ್ಷಣ ನಿಂತರೆ ಹದ ಬಂದಿದೆ ಎಂದರ್ಥ. ಸೋಪು ಮಾಡುವವರು ಇದನ್ನು ಟ್ರೇಸ್ ಎನ್ನುತ್ತಾರೆ. ಹಂದಿ ಕೊಬ್ಬಿನ ಮಿಶ್ರಣ ಈ ಹದಕ್ಕೆ ನಿಧಾನವಾಗಿ ಬರುವುದರಿಂದ, ಬಣ್ಣದ ಸುಳಿ ಬಿಡಿಸಲು ಬಯಸುವವರಿಗೆ ಸಾಕಷ್ಟು ಸಮಯ ಸಿಗುತ್ತದೆ.

ಮುಕ್ಕಾಲು ಲೀಟರ್ ಹಿಡಿಯುವ ಅಚ್ಚಿಗೆ ಸುರಿದು, ಮುಚ್ಚಿ, ಒಂದೆರಡು ದಿನ ಬಿಟ್ಟು ಕೈಗವಸು ಹಾಕಿಕೊಂಡೇ ಕತ್ತರಿಸಬೇಕು. ಕತ್ತರಿಸಿದ ಮುಖದಲ್ಲಿ ದ್ರವ ತುಂಬಿದ ಗುಳಿಗಳು ಕಂಡರೆ ಸೋಡಾ ಸರಿಯಾಗಿ ಬೆರೆತಿಲ್ಲ, ಅಂಥದ್ದನ್ನು ಬಳಸಕೂಡದು.

ಬಿಲ್ಲೆಗಳನ್ನು ಗಾಳಿಯಾಡುವ ತಂತಿಜಾಲರಿಯ ಮೇಲೆ ಒಂದಕ್ಕೊಂದು ತಾಗದಂತೆ, ಬಿಸಿಲು ಬೀಳದ ಕಡೆ ಇಡಬೇಕು. ಕೆಲವು ವಾರಗಳಲ್ಲೋ ತಿಂಗಳುಗಳಲ್ಲೋ ಕಿತ್ತಳೆ ಬಣ್ಣದ ಚುಕ್ಕೆಗಳು ಮೂಡಿ ಕಮಟು ವಾಸನೆ ಬಂದರೆ, ಸೋಪಾಗದೆ ಉಳಿದ ಕೊಬ್ಬು ಕೆಟ್ಟಿದೆ ಎಂದು ತಿಳಿಯಬೇಕು. ಹಳೆಯ ಕೊಬ್ಬು, ಕಬ್ಬಿಣದ ಜಾಲರಿ, ಲೋಹದಂಶವಿರುವ ನೀರು ಇದಕ್ಕೆ ದಾರಿ ಮಾಡಿಕೊಡುತ್ತವೆ. ಬಟ್ಟಿ ಇಳಿಸಿದ ನೀರು ಬೇಕೆಂದದ್ದು ಈ ಕಾರಣಕ್ಕೇ.

ಸೋಪನ್ನು ಬೇರೆಯವರಿಗೆ ಕೊಡುವುದಾದರೆ ಅದರಲ್ಲಿ ಹಂದಿ ಕೊಬ್ಬು ಇದೆ ಎಂದು ಹೊದಿಕೆಯ ಮೇಲೆ ಸ್ಪಷ್ಟವಾಗಿ ಬರೆಯಬೇಕು. ಧರ್ಮದ ಕಾರಣಕ್ಕೋ ಸ್ವಂತ ನಂಬಿಕೆಯಿಂದಲೋ ಅದನ್ನು ಮುಟ್ಟದವರು ಬಹಳ ಮಂದಿ ಇದ್ದಾರೆ, ತಿಳಿದು ಆಯ್ದುಕೊಳ್ಳುವ ಹಕ್ಕು ಅವರದು. ಬಳಕೆಗೆ ಮುನ್ನ ನಾಲ್ಕರಿಂದ ಆರು ವಾರ ಕಾಯಬೇಕು. ಒಂದು ಬಿಲ್ಲೆಯನ್ನು ಗುರುತು ಮಾಡಿಟ್ಟುಕೊಂಡು ವಾರಕ್ಕೊಮ್ಮೆ ತೂಗುತ್ತಾ ಹೋದರೆ ನೀರು ಆರಿದಂತೆ ತೂಕ ಇಳಿಯುವುದು ಕಾಣುತ್ತದೆ. ಎರಡು ವಾರ ತೂಕ ಹೆಚ್ಚುಕಡಿಮೆ ಅಷ್ಟೇ ನಿಂತಿತೆಂದರೆ ಸೋಪನ್ನು ಬಚ್ಚಲುಮನೆಗೆ ಒಯ್ಯಬಹುದು.